ಮೂರು ಲಕ್ಷ ಕೈಯಲ್ಲಿದ್ದರೆ ಎಷ್ಟರ ಕಾರು?

‘ಮೂರು ಲಕ್ಷ ಹೊಂದಿಸಿದ್ದೀನಿ, ಯಾವ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳಲಿ?’ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಕಾರಿನ ಹೆಸರನ್ನಲ್ಲ, ಒಂದು ಕಳೆಯುವ ಲೆಕ್ಕವನ್ನು. ಆ 3 ಲಕ್ಷದಲ್ಲಿ 50ರಿಂದ 60 ಸಾವಿರ ತೆಗೆದು ಪಕ್ಕಕ್ಕಿಡಿ. ಉಳಿದ 2 ಲಕ್ಷ 40 ಸಾವಿರಕ್ಕೆ ಕಾರು ಹುಡುಕಿ. ಇದನ್ನು ಕೇಳಿದ ಕೂಡಲೇ ಎಷ್ಟೋ ಜನರ ಮುಖ ಸಣ್ಣದಾಗುತ್ತದೆ. ಮನಸ್ಸಿನಲ್ಲಿ ಆಗಲೇ ನಿಂತಿದ್ದ ಸ್ವಿಫ್ಟು ಕೈತಪ್ಪಿ ಆಲ್ಟೊ ಬಂದು ನಿಂತಿರುತ್ತದೆ. ಆದರೂ ಈ ಮಾತನ್ನು ಬಿಡಲಾರೆ.

ಕಾರು ಮಾರಬೇಕೆಂದು ತೀರ್ಮಾನಿಸಿದವರು ಅದಕ್ಕೆ ದುಡ್ಡು ಹಾಕುವುದನ್ನು ನಿಲ್ಲಿಸುತ್ತಾರೆ. ಟೈರು ಸವೆದಿದ್ದರೂ ‘ಹೇಗೂ ಮಾರೋದೇ ಅಲ್ವಾ’ ಎಂದು ಬಿಡುತ್ತಾರೆ. ಹೀಗೆ ಮುಂದೂಡಿದ ಖರ್ಚೆಲ್ಲ ಕೊಂಡವರ ಮನೆಗೆ ಮೊದಲ ಆರು ತಿಂಗಳಲ್ಲಿ ಒಟ್ಟಿಗೇ ಬರುತ್ತದೆ. ಸಣ್ಣ ಕಾರಿನ ನಾಲ್ಕು ಟೈರಿಗೆ ಸುಮಾರು 16ರಿಂದ 20 ಸಾವಿರ, ಬ್ಯಾಟರಿಗೆ 4–5 ಸಾವಿರ, ಕ್ಲಚ್ ಪ್ಲೇಟು ಬದಲಿಸಿದರೆ ಕೂಲಿ ಸೇರಿ 8–10 ಸಾವಿರ. ಜೊತೆಗೆ ಬ್ರೇಕ್ ಪ್ಯಾಡು, ಆಯಿಲ್ಲು, ಕೂಲೆಂಟು, ಎಸಿಗೆ ಗ್ಯಾಸು, ವಿಮೆ, ಆರ್‌ಟಿಒ ಖರ್ಚು. ಇವೆಲ್ಲ ಒಂದೇ ಕಾರಿಗೆ ಬರಲೇಬೇಕೆಂದಿಲ್ಲ, ಆದರೆ ಅರ್ಧ ಬಂದರೂ ಕೈ ಕಚ್ಚುತ್ತದೆ. ಇದ್ದ ಹಣವನ್ನೆಲ್ಲ ಕಾರಿನ ಬೆಲೆಗೇ ಸುರಿದ ಮನೆಯಲ್ಲಿ, ಸವೆದ ಟೈರಿನಲ್ಲೇ ಮಳೆಗಾಲ ಕಳೆಯುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆ ಟೈರಿನಲ್ಲಿ ಶಿರಾಡಿ ಘಾಟಿ ಇಳಿಯುವುದನ್ನು ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ.

ಹೊಸ ಕಾರು ಕೊಳ್ಳುವವರಿಗೆ ವಾರಂಟಿ ಇದೆ, ಕಂಪನಿ ಇದೆ, ಗ್ರಾಹಕರ ನ್ಯಾಯಾಲಯದ ದಾರಿ ಇದೆ. ಚೀಟಿ ಎತ್ತಿ, ಸೊಸೈಟಿ ಸಾಲ ತೆಗೆದು ಹತ್ತು ವರ್ಷದ ಹಳೆಯ ಕಾರನ್ನು ಯಾರಿಂದಲೋ ಕೊಳ್ಳುವ ಮನೆಗೆ ಇವು ಯಾವುವೂ ಸುಲಭಕ್ಕೆ ಸಿಗುವುದಿಲ್ಲ. ಕಡಿಮೆ ದುಡ್ಡಿನವರು ಹೆಚ್ಚು ಎಚ್ಚರವಾಗಿರಬೇಕಾದದ್ದು ಅದಕ್ಕೇ.

ಇನ್ನು ಕಾರು ಹುಡುಕುವ ಮಾತು. ಹತ್ತು ವರ್ಷ ದಾಟಿದ ಮೇಲೆ ಮಾಡೆಲ್ಲಿಗಿಂತ ಅದನ್ನು ಓಡಿಸಿದವರು ಮುಖ್ಯ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸರಿಯಾಗಿ ನೋಡಿಕೊಂಡ ಸಾಧಾರಣ ಕಾರು, ಕೆಟ್ಟದಾಗಿ ಓಡಿಸಿದ ಒಳ್ಳೆಯ ಕಾರಿಗಿಂತ ಹೆಚ್ಚು ಕಾಲ ಬಾಳುತ್ತದೆ. ಹಾಗಾಗಿ ಮೊದಲು ಕೇಳಬೇಕಾದ್ದು ಕಾರಿನ ಚರಿತ್ರೆಯನ್ನು. ಎಷ್ಟನೇ ಓನರ್ ಎನ್ನುವುದು ಆರ್‌ಸಿಯಲ್ಲೇ ಇರುತ್ತದೆ. ಎಂ-ಪರಿವಾಹನ್ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ನೋಂದಣಿಯಾದ ದಿನ, ವಿಮೆ ಎಲ್ಲಿಯವರೆಗೆ ಇದೆ ಎಂಬಂಥ ವಿವರ ಮನೆಯಲ್ಲೇ ಕುಳಿತು ನೋಡಬಹುದು. ಆಮೇಲೆ ಸರ್ವೀಸ್ ದಾಖಲೆ. ಕಂಪನಿಯ ಅಧಿಕೃತ ಸರ್ವೀಸ್ ಸೆಂಟರುಗಳಲ್ಲಿ ಕಾರಿನ ನಂಬರಿನ ಮೇಲೆ ಪ್ರತಿ ಸರ್ವೀಸಿನ ದಿನಾಂಕ, ಆಗ ಓಡಿದ್ದ ಕಿಲೋಮೀಟರ್, ಬದಲಿಸಿದ ಭಾಗ ಎಲ್ಲ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಮಾರುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ ಆ ಪ್ರಿಂಟು ಕೊಡಿಸಿಕೊಳ್ಳಿ. ಬರಲು ಹಿಂಜರಿದರೆ, ಅದೇ ನಿಮಗೆ ಬೇಕಾಗಿದ್ದ ಉತ್ತರ.

ಮೀಟರಿನಲ್ಲಿ ಕಾಣುವ ಕಿಲೋಮೀಟರನ್ನು ಮಾತ್ರ ನಂಬಲೇಬೇಡಿ. ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸುವುದು ಲ್ಯಾಪ್‌ಟಾಪು ಇಟ್ಟುಕೊಂಡವರಿಗೆ ಅರ್ಧ ಗಂಟೆಯ ಕೆಲಸ. ಸಂಖ್ಯೆ ತಿದ್ದಬಹುದು, ಸವೆತವನ್ನು ತಿದ್ದುವುದು ಕಷ್ಟ. 40 ಸಾವಿರ ಓಡಿದೆ ಎನ್ನುವ ಕಾರಿನ ಕ್ಲಚ್ ಪೆಡಲಿನ ರಬ್ಬರು ನುಣ್ಣಗಾಗಿದ್ದರೆ, ಸ್ಟೇರಿಂಗಿನ ಮೇಲ್ಮೈ ಹೊಳೆಯುತ್ತಿದ್ದರೆ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದ್ದರೆ ಅದು ಲಕ್ಷ ದಾಟಿದ ಗಾಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದ ಟೈರು ಎಂದರ್ಥ. ಕಾರು 2016ರದು, ಓಡಿರುವುದು 25 ಸಾವಿರ ಎನ್ನುತ್ತಾರೆ, ಟೈರು ಮಾತ್ರ 2021ರದು ಎಂದಾದರೆ, ಕಂಪನಿಯಿಂದ ಬಂದ ಟೈರು 25 ಸಾವಿರಕ್ಕೇ ಯಾಕೆ ಹೋಯಿತು ಎಂದು ಕೇಳಲೇಬೇಕು. ಗಾಜುಗಳ ಮೂಲೆಯಲ್ಲೂ ತಯಾರಾದ ವರ್ಷದ ಗುರುತಿರುತ್ತದೆ. ಎಲ್ಲ ಗಾಜೂ ಒಂದೇ ವರ್ಷದ್ದಾಗಿ ಒಂದು ಬಾಗಿಲಿನದು ಮಾತ್ರ ಬೇರೆಯಾಗಿದ್ದರೆ, ಆ ಬಾಗಿಲಿಗೆ ಏನೋ ಆಗಿದೆ.

ಕಡಿಮೆ ಓಡಿದ ಕಾರು ಎಂದರೆ ಒಳ್ಳೆಯ ಕಾರು ಎಂದೂ ಅಲ್ಲ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡಿ, ಉಳಿದಂತೆ ಷೆಡ್ಡಿನಲ್ಲೇ ನಿಂತ ಕಾರಿನ ಟೈರು ಬಿರಿದಿರುತ್ತದೆ, ರಬ್ಬರು ಪೈಪು ಗಡುಸಾಗಿರುತ್ತದೆ, ಎಷ್ಟೋ ಕಡೆ ಇಲಿ ವೈರು ಕಡಿದಿರುತ್ತದೆ. ವರ್ಷಕ್ಕೆ 8ರಿಂದ 10 ಸಾವಿರ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿಕೊಂಡ ಕಾರೇ ನನಗೆ ಹೆಚ್ಚು ಇಷ್ಟ.

ಬೆಲೆ ವಿಪರೀತ ಕಡಿಮೆ ಎನಿಸಿದರೆ ಕಾರು ಎಲ್ಲಿಂದ ಬಂತು ಎಂದು ಕೇಳಿ. ನಮ್ಮಲ್ಲಿಗೆ ಅಗ್ಗದ ಕಾರುಗಳು ಬರುವ ಕೆಲವು ದಾರಿಗಳಿವೆ. 10 ವರ್ಷ ದಾಟಿದ ಡೀಸೆಲ್ ಕಾರು ದೆಹಲಿಯಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅಂದಿನಿಂದ ಅಲ್ಲಿನ ದೊಡ್ಡ ಕಾರುಗಳು ಬೇರೆ ರಾಜ್ಯಗಳಿಗೆ ಅಗ್ಗಕ್ಕೆ ಹೊರಟವು. ಡಿಎಲ್ ನಂಬರಿನ ಗಾಡಿ ನೋಡಿ ಬೆರಗಾಗುವ ಮುನ್ನ ಒಂದು ವಿಷಯ ತಿಳಿದಿರಲಿ. ಬೇರೆ ರಾಜ್ಯದ ಕಾರು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇರುವುದಾದರೆ ಇಲ್ಲಿನ ನೋಂದಣಿ ಆಗಬೇಕು, ಇಲ್ಲಿನ ಜೀವಿತಾವಧಿ ತೆರಿಗೆ ಕಟ್ಟಬೇಕು. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ಬರಬೇಕು. ದೇಶದಲ್ಲೇ ಹೆಚ್ಚು ವಾಹನ ತೆರಿಗೆ ಇರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಗ್ಗಕ್ಕೆ ಸಿಕ್ಕಿತೆಂದುಕೊಂಡದ್ದರಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ.

ಇನ್ನೊಂದು ದಾರಿ ಹಳದಿ ಬೋರ್ಡಿನದು. ಟ್ಯಾಕ್ಸಿಯಾಗಿ ಮೂರು ಲಕ್ಷ ಕಿಲೋಮೀಟರ್ ಓಡಿದ ಇಟಿಯೋಸ್, ಡಿಜೈರುಗಳು ಬಿಳಿ ಬೋರ್ಡಾಗಿ ಮಾರುಕಟ್ಟೆಗೆ ಬರುತ್ತವೆ. ಸರಿಯಾಗಿ ಹೇಳಿ ಸರಿಯಾದ ಬೆಲೆಗೆ ಕೊಟ್ಟರೆ ಅದರಲ್ಲಿ ತಪ್ಪಿಲ್ಲ. ಮುಚ್ಚಿಟ್ಟು ‘ಫ್ಯಾಮಿಲಿ ಯೂಸ್’ ಎಂದು ಮಾರುವುದು ಮೋಸ. ಹಿಂದಿನ ಸೀಟು ಮುಂದಿನದಕ್ಕಿಂತ ಹೆಚ್ಚು ಸವೆದಿದೆಯೇ, ಡ್ಯಾಶ್‌ಬೋರ್ಡಿನಲ್ಲಿ ಏನನ್ನೋ ಸ್ಕ್ರೂ ಹಾಕಿ ಕೂರಿಸಿದ್ದ ತೂತುಗಳಿವೆಯೇ, ಮಾಸಿದ ಬಣ್ಣದ ನಡುವೆ ಸ್ಟಿಕ್ಕರು ಕಿತ್ತ ಗುರುತಿದೆಯೇ ನೋಡಿ.

ನೀರಲ್ಲಿ ಮುಳುಗಿದ ಕಾರಂತೂ ಅತ್ಯಂತ ಅಪಾಯದ್ದು. 2015ರ ಡಿಸೆಂಬರಿನ ಚೆನ್ನೈ ನೆರೆ, 2018ರ ಕೇರಳ–ಕೊಡಗಿನ ಮಳೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತ ನಿಂತ ನೀರು, ಪ್ರತಿ ಸಲವೂ ಸಾಲುಸಾಲು ಕಾರು ಮುಳುಗಿದವು. ವಿಮಾ ಕಂಪನಿ ‘ಟೋಟಲ್ ಲಾಸ್’ ಎಂದು ಹರಾಜು ಹಾಕಿದ ಕಾರನ್ನೂ ತೊಳೆದು, ಒಣಗಿಸಿ, ಸುಗಂಧ ಹೊಡೆದು ಮತ್ತೆ ಮಾರುವವರಿದ್ದಾರೆ. ತಿಂಗಳೊಪ್ಪತ್ತು ಚೆನ್ನಾಗಿಯೇ ಓಡುತ್ತದೆ, ಆಮೇಲೆ ವೈರಿಂಗಿನ ಒಳಗೆ ಹಸಿರು ಕಿಲುಬು ಕಟ್ಟಿ ಒಂದೊಂದೇ ಕೈಕೊಡುತ್ತದೆ. ಇದನ್ನು ಹಿಡಿಯುವ ಸುಲಭ ಉಪಾಯ ಸೀಟ್ ಬೆಲ್ಟು. ಅದನ್ನು ಕೊನೆಯವರೆಗೂ ಎಳೆಯಿರಿ. ದಿನಾ ಹೊರಗೆ ಬಾರದ ಆ ಕೊನೆಯ ಎರಡು ಅಡಿಯಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಕಾರ್ಪೆಟ್ಟಿನ ಅಡಿ, ಸ್ಟೆಪ್ನಿ ಇಡುವ ಗುಂಡಿ, ಸೀಟಿನ ಹಳಿಯ ಬೋಲ್ಟು, ಇಲ್ಲೆಲ್ಲ ಮಣ್ಣು, ತುಕ್ಕು ಇದೆಯೇ ನೋಡಿ. ಮಂಗಳೂರು, ಉಡುಪಿ, ಕಾರವಾರದ ಗಾಡಿಯಾದರೆ ನೆರೆ ಬಾರದಿದ್ದರೂ ಉಪ್ಪು ಗಾಳಿಗೆ ತಳ ತಿಂದಿರುತ್ತದೆ. ಕಾರನ್ನು ಲಿಫ್ಟಿಗೆ ಏರಿಸಿ ಅಡಿಯಿಂದ ನೋಡದೆ ಬೆಲೆಯ ಮಾತೇ ಬೇಡ.

ಪೆಟ್ರೋಲೋ ಡೀಸೆಲ್ಲೋ ಎಂಬ ಪ್ರಶ್ನೆಗೆ ಕಾಗದದ ಮೇಲೆ ಲೆಕ್ಕ ಹಾಕಿ. ವರ್ಷಕ್ಕೆ 8 ಸಾವಿರ ಕಿಲೋಮೀಟರ್ ಓಡಿಸುವ ಮನೆ ಎನ್ನೋಣ. ಲೀಟರಿಗೆ 16 ಕೊಡುವ ಪೆಟ್ರೋಲ್ ಕಾರಿಗೆ 500 ಲೀಟರ್, ನೂರು ರೂಪಾಯಿಯಂತೆ 50 ಸಾವಿರ. ಲೀಟರಿಗೆ 20 ಕೊಡುವ ಡೀಸೆಲ್ಲಿಗೆ 400 ಲೀಟರ್, 90 ರೂಪಾಯಿಯಂತೆ 36 ಸಾವಿರ. ಉಳಿಯುವುದು ವರ್ಷಕ್ಕೆ 14 ಸಾವಿರ. ಹಳೆಯ ಡೀಸೆಲ್ಲಿನ ಇಂಜೆಕ್ಟರೋ ಟರ್ಬೋ ಒಮ್ಮೆ ಕೆಟ್ಟರೆ ಎರಡು ಮೂರು ವರ್ಷದ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ. ದಿನಾ 60–70 ಕಿಲೋಮೀಟರ್ ಓಡುವವರ ಲೆಕ್ಕ ಬೇರೆ. ಉಳಿದವರಿಗೆ, ಈ ಬಜೆಟ್ಟಿನಲ್ಲಿ, ಸಣ್ಣ ಪೆಟ್ರೋಲ್ ಎಂಜಿನ್ನೇ ಸರಿ. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದ್ದಾದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು, ಸಿಲಿಂಡರಿನ ಮೂರು ವರ್ಷಕ್ಕೊಮ್ಮೆಯ ಪರೀಕ್ಷೆ ಆಗಿರಬೇಕು. ಇವೆರಡೂ ಇಲ್ಲದಿದ್ದರೆ ಬಿಟ್ಟುಬಿಡಿ.

ಹೆಸರು ಹೇಳಿ ಎಂದರೆ, ಮಾರುತಿಯ ಕೆ-ಸೀರೀಸ್ ಎಂಜಿನ್ ಇರುವ ವ್ಯಾಗನ್ ಆರ್, ಆಲ್ಟೊ ಕೆ10, ಸ್ವಿಫ್ಟುಗಳನ್ನು ಮೊದಲು ನೋಡುತ್ತೇನೆ. ಈ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇದೆ, ಇಷ್ಟು ಕಿಲೋಮೀಟರಿಗೆ ಬೆಲ್ಟ್ ಬದಲಿಸಬೇಕೆಂಬ ತಾಪತ್ರಯವಿಲ್ಲ. ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ, ರಿಪೇರಿ ಗೊತ್ತಿಲ್ಲದ ಮೆಕ್ಯಾನಿಕ್ ಇಲ್ಲ. ಹ್ಯುಂಡೈ ಐ10ನಲ್ಲಿ 1.2 ಕಪ್ಪಾ ಎಂಜಿನ್ನಿಗೂ ಚೈನೇ, 1.1 ಎಂಜಿನ್ನಿಗೆ ಮತ್ತು ಹಳೆಯ ಸ್ಯಾಂಟ್ರೋಗೆ ಬೆಲ್ಟು, ಅದನ್ನು ಯಾವಾಗ ಬದಲಿಸಿದ್ದು ಎಂದು ಬಿಲ್ಲು ಸಮೇತ ಕೇಳಬೇಕು. ಓಡುವಾಗ ಬೆಲ್ಟ್ ತುಂಡಾದರೆ ಎಂಜಿನ್ನಿನ ಒಳಗೇ ಹಾನಿಯಾಗಬಹುದು. ನಮ್ಮ ಬಿಡದಿಯಲ್ಲೇ ತಯಾರಾದ ಟೊಯೋಟಾ ಇಟಿಯೋಸ್ ಮತ್ತು ಲಿವಾಗಳ ಒಳಾಂಗಣ ಸಪ್ಪೆ ಎಂದು ಆಗ ಜನ ಮೂಗು ಮುರಿದರು. ಆದರೆ ಎಂಜಿನ್ನು, ಸಸ್ಪೆನ್ಷನ್ನಿನ ಗಟ್ಟಿತನದಲ್ಲಿ ಅವಕ್ಕೆ ಎಣೆಯಿಲ್ಲ. ಟ್ಯಾಕ್ಸಿಗೆ ಹೋಗದ ಪೆಟ್ರೋಲ್ ಲಿವಾ ಸಿಕ್ಕರೆ ಎರಡು ಸಲ ಯೋಚಿಸಬೇಡಿ. ಷೆವ್ರೊಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆ ಮುಚ್ಚುವುದಾಗಿ ಹೇಳಿತು, ದಟ್ಸನ್ 2022ರಲ್ಲಿ ಹೋಯಿತು. ಇವುಗಳಲ್ಲಿ ಒಳ್ಳೆಯ ಕಾರುಗಳಿವೆ, ಫಿಗೊ ಓಡಿಸಿದವರು ಈಗಲೂ ಹೊಗಳುತ್ತಾರೆ. ಆದರೆ ಒಂದು ಹೆಡ್‌ಲೈಟಿಗಾಗಿ ವಾರಗಟ್ಟಲೆ ಕಾಯುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ, ಅದರಲ್ಲೂ ಸಣ್ಣ ಊರಿನಲ್ಲಿರುವವರಿಗೆ.

ಇಲ್ಲೇ ಇನ್ನೊಂದು ಮಾತು, ನನಗೆ ಮೈಲೇಜಿಗಿಂತ ಮುಖ್ಯವಾದದ್ದು. 2014ರ ಆರಂಭದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಆಲ್ಟೊ 800, ಐ10, ಫಿಗೊ, ನ್ಯಾನೊ, ಪೋಲೊ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಡಿಕ್ಕಿ ಹೊಡೆಸಿ ನೋಡಿದಾಗ ಐದಕ್ಕೂ ಸೊನ್ನೆ ಸ್ಟಾರ್ ಬಂತು. ಆಮೇಲೆ ಕಾನೂನು ಬದಲಾಯಿತು. 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರಿಗೂ ಎಬಿಎಸ್, ಅದೇ ಜುಲೈನಿಂದ ಡ್ರೈವರಿಗೆ ಏರ್‌ಬ್ಯಾಗ್, ಹಿಂದೆ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದವು. 2022ರ ಹೊತ್ತಿಗೆ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಬಂತು. ಅದಕ್ಕೇ 2013ರ ದೊಡ್ಡ ಕಾರಿನ ಬೇಸ್ ಮಾಡೆಲ್ಲಿಗಿಂತ 2019ರ ನಡುವಿನ ನಂತರ ತಯಾರಾದ ಸಣ್ಣ ಕಾರನ್ನು ನೋಡಿ ಎನ್ನುತ್ತೇನೆ. ಹಳೆಯದೇ ಆಗಬೇಕೆಂದಿದ್ದರೆ, ಏರ್‌ಬ್ಯಾಗೂ ಎಬಿಎಸ್ಸೂ ಇರುವ ಮೇಲಿನ ವೇರಿಯಂಟನ್ನೇ ಹುಡುಕಿ. ಮಕ್ಕಳು ಕೂರುವ ಗಾಡಿ ಅದು.

ಹಾಸನದಲ್ಲಿ ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಕಾರು ನೋಡಲು ಕರೆದೊಯ್ದರೆ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾರೆ. ಬಿಸಿ ಇದ್ದರೆ, ‘ನಾಳೆ ಬೆಳಿಗ್ಗೆ ಬರ್ತೀವಿ ಸಾರ್, ಅಲ್ಲೀತಂಕ ಸ್ಟಾರ್ಟ್ ಮಾಡ್ಬೇಡಿ’ ಎಂದು ಮಾಲೀಕರಿಗೆ ಹೇಳಿ ಹೊರಟುಬಿಡುತ್ತಾರೆ. ರಾತ್ರಿಯಿಡೀ ತಣ್ಣಗಾದ ಎಂಜಿನ್ನು ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಆಗುವಾಗಲೇ ತನ್ನ ನಿಜ ಹೇಳುತ್ತದೆ. ಬಿಸಿಯಾದ ಮೇಲೆ ಅರ್ಧ ಕಾಯಿಲೆ ಅಡಗುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ತಿನ್ನುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟು ಒಳಗೆ ಹೋಗುತ್ತಿರಬಹುದು. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಒಳಮೈ ನೋಡುತ್ತಾರೆ, ಅಲ್ಲಿ ಹಾಲು ಬೆರೆಸಿದಂಥ ಕೆನೆಬಣ್ಣದ ಲೋಳೆ ಇದ್ದರೆ ನೀರೂ ಆಯಿಲ್ಲೂ ಕೂಡಿವೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂಬ ಅನುಮಾನ. ಆ ಕಾರಿನ ಮಾತು ಅಲ್ಲಿಗೇ ಮುಗಿಯಿತು.

ಆಮೇಲೆ ಬೋಲ್ಟುಗಳು. ಬಾನೆಟ್ಟು, ಮುಂದಿನ ಫೆಂಡರು, ಬಾಗಿಲು, ಡಿಕ್ಕಿಗಳನ್ನು ಹಿಡಿದಿರುವ ಬೋಲ್ಟುಗಳ ತಲೆಗೆ ಫ್ಯಾಕ್ಟರಿಯಲ್ಲೇ ಬಾಡಿಯ ಬಣ್ಣ ಬಿದ್ದಿರುತ್ತದೆ. ಒಮ್ಮೆ ಸ್ಪ್ಯಾನರು ಹಾಕಿ ತಿರುಗಿಸಿದರೆ ಆರು ಮೂಲೆಯಲ್ಲೂ ಬಣ್ಣ ಎದ್ದು ಗೀರು ಬೀಳುತ್ತದೆ. ‘ಇಲ್ನೋಡಿ ಸಾರ್, ಇದುಕ್ಕೆ ಸ್ಪ್ಯಾನರ್ ಬಿದ್ದೈತೆ’ ಎಂದು ಅವರು ಉಗುರಿನಿಂದ ತೋರಿಸುವ ಆ ಕೂದಲೆಳೆಯ ಗೀರು ನಮ್ಮ ಕಣ್ಣಿಗೆ ಬೀಳುವಂಥದಲ್ಲ. ಬಂಪರು, ಬಾಗಿಲಿಗೆ ಪೇಂಟ್ ಆಗಿದ್ದರೆ ಅದೇನೂ ದೊಡ್ಡ ತಪ್ಪಲ್ಲ, ನಮ್ಮ ರಸ್ತೆಯಲ್ಲಿ ಉಜ್ಜದ ಕಾರು ಸಿಗುವುದೂ ಇಲ್ಲ. ಆದರೆ ಬಾಗಿಲ ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಸ್ವಲ್ಪ ಎಳೆದು ಒಳಗಿನ ಬೆಸುಗೆಯ ಚುಕ್ಕಿಗಳನ್ನು ನೋಡಿ. ಒಂದೇ ಅಂತರದಲ್ಲಿ ಗುಂಡಗೆ ಇರಬೇಕಾದ ಚುಕ್ಕಿಗಳು ಕಾಣದಿದ್ದರೆ, ಕೈಬೆಸುಗೆಯ ಒರಟು ಗೆರೆ ಇದ್ದರೆ, ಕಂಬಕ್ಕೇ ಟಿಂಕರಿಂಗ್ ಆಗಿದೆ. ಅಂಥ ಕಾರು ಅರ್ಧ ಬೆಲೆಗೆ ಸಿಕ್ಕರೂ ಬೇಡ.

ಕೀ ತಿರುಗಿಸಿದಾಗ, ಎಂಜಿನ್ ಸ್ಟಾರ್ಟ್ ಆಗುವ ಮುನ್ನ, ಏರ್‌ಬ್ಯಾಗ್, ಎಬಿಎಸ್, ಚೆಕ್ ಎಂಜಿನ್ ದೀಪಗಳು ಹೊತ್ತಿಕೊಳ್ಳಬೇಕು, ಕೊಂಚ ಹೊತ್ತಿನಲ್ಲಿ ಆರಬೇಕು. ಆರದೇ ಉಳಿದರೆ ದೋಷವಿದೆ ಎಂದು ಎಲ್ಲರಿಗೂ ಗೊತ್ತು. ಹೊತ್ತಿಕೊಳ್ಳದೆಯೇ ಇದ್ದರೆ ಇನ್ನೂ ಕೆಟ್ಟದ್ದು: ಅಪಘಾತದಲ್ಲಿ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಮತ್ತೆ ಹಾಕಿಸದೆ, ದೀಪದ ಬಾಯಿ ಮುಚ್ಚಿಸಿರುವ ಸಾಧ್ಯತೆ ಇದೆ.

ಓಡಿಸಿ ನೋಡುವಾಗ ಬಡಾವಣೆಯ ಒಂದು ಸುತ್ತು ಸಾಲದು. ಏರು ರಸ್ತೆ, ಹದಗೆಟ್ಟ ರಸ್ತೆ, ಸ್ವಲ್ಪ ಹೆದ್ದಾರಿ ಮೂರೂ ಬೇಕು. ರೇಡಿಯೊ ಆಫ್ ಇರಲಿ. ಏರಿನಲ್ಲಿ ಎಂಜಿನ್ ಕೂಗಿದರೂ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಗುಂಡಿಗೆ ಇಳಿದಾಗ ಟಕ್ ಟಕ್ ಎಂದರೆ ಸಸ್ಪೆನ್ಷನ್ ಕೆಲಸ ಬಾಕಿ. ಇವು ರಿಪೇರಿಯಾಗುವಂಥವು, ಆ ಮೊತ್ತವನ್ನು ಬೆಲೆಯಲ್ಲಿ ಇಳಿಸಲು ಕೇಳಬಹುದು. ಮೆಕ್ಯಾನಿಕ್ಕಿಗೆ ಅರ್ಧ ದಿನದ ಕೂಲಿಯನ್ನು ಮಾತ್ರ ಉದಾರವಾಗಿ ಕೊಡಿ, ಕಾರು ಬೇಡ ಎಂದರೂ ಕೊಡಿ. ಬೇಡ ಎನ್ನುವ ಧೈರ್ಯ ಅವರಿಗೆ ಬರುವುದು ಆಗಲೇ.

ಕಾಗದಪತ್ರದ ವಿಷಯದಲ್ಲಿ ಜನ ಸೋಲುವುದು ಅವಸರಕ್ಕೆ. ಆರ್‌ಸಿಯಲ್ಲಿ ಬ್ಯಾಂಕಿನ ಹೈಪೋಥಿಕೇಶನ್ ಇದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಚಾಸಿ ನಂಬರನ್ನು ಕಾರಿನ ಮೇಲೇ ಓದಿ ಆರ್‌ಸಿಗೆ ತಾಳೆ ನೋಡಿ. ಬಾಕಿ ದಂಡ ಎಷ್ಟಿದೆ ಎಂದು ಆನ್‌ಲೈನಿನಲ್ಲಿ ನೋಡಿ, ಮಾರುವವರಿಂದಲೇ ಕಟ್ಟಿಸಿ. ನೋಂದಣಿಗೆ 15 ವರ್ಷದ ಆಯುಸ್ಸು. 2012ರ ಕಾರಿಗೆ 2027ರಲ್ಲಿ ಅದು ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಮುನ್ನ ತಪಾಸಣೆ. 2022ರ ಏಪ್ರಿಲಿನಿಂದ ಕಾರಿನ ನವೀಕರಣ ಶುಲ್ಕವೇ 5,000 ರೂಪಾಯಿಗೆ ಏರಿದೆ. ಚೌಕಾಸಿ ಮಾಡುವಾಗ ಇದನ್ನೂ ಎಣಿಸಿ.

ಮಾರಾಟಕ್ಕೆ ಬೇಕಾದ್ದು ಫಾರಂ 29 ಮತ್ತು 30. ಇವಕ್ಕೆ ಸಹಿ ಮಾತ್ರ ಹಾಕಿಸಿಕೊಂಡು, ಕೊಂಡವರ ಹೆಸರು ಖಾಲಿ ಬಿಟ್ಟು, ಕಾರನ್ನು ಕೈಯಿಂದ ಕೈಗೆ ದಾಟಿಸುವ ಕೆಟ್ಟ ಪದ್ಧತಿ ನಮ್ಮಲ್ಲಿ ಬೇರು ಬಿಟ್ಟಿದೆ. ಕಾರು ಹಲವು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಹೆಸರು ಬದಲಾಯಿಸುವುದು ಮಾರಿದವರಿಗೂ ಅಷ್ಟೇ ಬೇಕಾದದ್ದು ಎಂದು ಅವರಿಗೆ ತಿಳಿಸಿ ಹೇಳಿ, ಜೊತೆಗೇ ಆರ್‌ಟಿಒ ಕೆಲಸ ಮುಗಿಸಿ. ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಸ್ವಲ್ಪ ಹಣವನ್ನು ವರ್ಗಾವಣೆ ಆಗುವವರೆಗೆ ಹಿಡಿದಿಟ್ಟುಕೊಳ್ಳುವುದಾಗಿ ಮೊದಲೇ ಮಾತಾಡಿಕೊಂಡು, ಒಂದು ಕಾಗದದಲ್ಲಿ ಬರೆದು, ಕಾರು ಕೈಸೇರಿದ ದಿನ ಮತ್ತು ಗಂಟೆ ಎರಡನ್ನೂ ನಮೂದಿಸಿ ಇಬ್ಬರೂ ಸಹಿ ಹಾಕಿ.

ವಿಮೆಗೆ 14 ದಿನ. ಥರ್ಡ್ ಪಾರ್ಟಿ ವಿಮೆ ಕಾನೂನಿನ ಪ್ರಕಾರ ಕಾರಿನ ಜೊತೆಗೇ ಬರುತ್ತದೆ, ಆದರೆ ನಿಮ್ಮ ಕಾರಿಗಾದ ಹಾನಿಯ ಭಾಗ ತಾನಾಗಿ ಬರುವುದಿಲ್ಲ. ಹಳೆಯ ಮಾಲೀಕರ ಹೆಸರಿನ ಪಾಲಿಸಿ ಇಟ್ಟುಕೊಂಡು ತಿರುಗಿ, ಅಪಘಾತವಾದ ಮೇಲೆ ಕ್ಲೇಮು ತಿರಸ್ಕಾರವಾಗಿ ಕೂತವರು ಬಹಳ. ನೋ ಕ್ಲೇಮ್ ಬೋನಸ್ ಹಳೆಯ ಮಾಲೀಕರ ಸ್ವತ್ತು, ಕಾರಿನದಲ್ಲ. ಅದನ್ನು ಅವರು ಕೊಂಡುಹೋಗುತ್ತಾರೆ, ನಿಮ್ಮ ಪ್ರೀಮಿಯಂ ಅಷ್ಟು ಹೆಚ್ಚಾಗುತ್ತದೆ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಅವರು ತಮ್ಮ ಬ್ಯಾಂಕಿನಲ್ಲಿ ಮುಚ್ಚಿಸಬೇಕು, ನೀವು ನಿಮ್ಮ ಹೆಸರಿನಲ್ಲಿ ಹೊಸದು ತೆಗೆದುಕೊಳ್ಳಬೇಕು. ಎರಡನೆಯ ಕೀ ಇದೆಯೇ ಎಂದು ಹಣ ಕೊಡುವ ಮುನ್ನವೇ ಕೇಳಿ. ಈಗಿನ ಚಿಪ್ ಇರುವ ಕೀ ಮಾಡಿಸಲು ಸಾವಿರಗಟ್ಟಲೆ ಬೀಳುತ್ತದೆ.